ಸ್ಪ್ಯಾನರಕ್ಕನ ಕೆಂಪು ವೈರು

ಬಿಡಿಭಾಗಗಳ ಅಂಗಡಿಯವನು ಮೂರು ಡಬ್ಬಿಗಳನ್ನು ಗಾಜಿನ ಕೌಂಟರಿನ ಮೇಲೆ ಒಂದರ ಪಕ್ಕ ಒಂದು ಇಟ್ಟು ಕೈ ಒರೆಸಿಕೊಂಡ. "ನೋಡೋದಕ್ಕೆ ದುಡ್ಡಿಲ್ಲ ಅಕ್ಕಾ, ನಿಧಾನಕ್ಕೆ ನೋಡಿ" ಎಂದ.

ನಿಧಾನಕ್ಕೆ ನೋಡುವಷ್ಟು ಹೊತ್ತು ಅವಳ ಹತ್ತಿರ ಇರಲಿಲ್ಲ. ಅಂದು ಬುಧವಾರ. ಮರುದಿನ ಬೆಳಿಗ್ಗೆ ಏಳು ಗಂಟೆಯೊಳಗೆ ಗಂಡನನ್ನು ಬೆಟ್ಟದಾಚೆಯ ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿಗೆ ಮುಟ್ಟಿಸಬೇಕಿತ್ತು. ಮಂಗಳವಾರ, ಗುರುವಾರ, ಶನಿವಾರ. ಸಲಕ್ಕೆ ನಾಲ್ಕು ಗಂಟೆ. ಅವನ ಎರಡೂ ಮೂತ್ರಪಿಂಡಗಳು ಕೆಲಸ ಬಿಟ್ಟು ಒಂದೂವರೆ ವರ್ಷವಾಗಿತ್ತು. ಯಂತ್ರ ರಕ್ತ ತೊಳೆದು ಕಳಿಸಿದರೆ ಎರಡು ದಿನದ ಬದುಕು, ಇಲ್ಲದಿದ್ದರೆ ಇಲ್ಲ. ಕೆಳಗಿನ ರಸ್ತೆಯ ಸೇತುವೆ ಕುಸಿದು ಬಸ್ಸು ನಿಂತ ಮೇಲೆ ಬೆಟ್ಟದ ದಾರಿಯೊಂದೇ ಗತಿಯಾಗಿತ್ತು. ಆಟೋಗಳು ಆ ಏರು ಹತ್ತುವುದಿಲ್ಲ. ಬಾಡಿಗೆ ಕಾರಿನವನು ಒಂದು ಸಲ ಬಂದ, ಎರಡು ಸಲ ಬಂದ, ಮೂರನೆಯ ಸಲ ಫೋನ್ ಎತ್ತಲಿಲ್ಲ. ಉಳಿದದ್ದು ಅವಳ ಅಪ್ಪ ಬಿಟ್ಟುಹೋದ ನಲವತ್ತು ವರ್ಷದ ಹಳೆಯ ಪೆಟ್ರೋಲ್ ಪಿಕಪ್.

ಆ ಪಿಕಪ್ ನಿನ್ನೆ ಏರಿನ ನಡುವೆ ನಿಂತುಬಿಟ್ಟಿತ್ತು. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ನೋಡಿದರೆ ಪಾಯಿಂಟ್ ಮುಚ್ಚಿಕೊಂಡಿತ್ತು. ಪಾಯಿಂಟ್ ಎಂದರೆ ಬೇಳೆಕಾಳಿನಷ್ಟು ಗಾತ್ರದ ಎರಡು ಲೋಹದ ಚುಕ್ಕೆಗಳು. ಅವು ಒಂದರಿಂದೊಂದು ಬಿಟ್ಟಾಗಲೆಲ್ಲ ಪ್ಲಗ್ಗಿನಲ್ಲಿ ಕಿಡಿ ಹಾರಬೇಕು. ಅಪ್ಪನ ಕಾಲದಲ್ಲಿ ಒಂದು ಜೊತೆ ಹಾಕಿದರೆ ವರ್ಷಗಟ್ಟಲೆ ತಿರುಗಿ ನೋಡಬೇಕಿರಲಿಲ್ಲ. ಈಗ ಬರುವವು ಹತ್ತು ದಿನಕ್ಕೆ ಸವೆಯುತ್ತವೆ. ರಸ್ತೆಯ ಬದಿಯಲ್ಲಿ ಅರದಿಂದ ಉಜ್ಜಿ, ಅಂತರ ಸರಿಮಾಡಿ ಹೊರಡುವಾಗ ನಲವತ್ತು ನಿಮಿಷ ಹೋಗಿತ್ತು. ವಾರ್ಡಿನ ಸಿಸ್ಟರ್ ಗೋಡೆ ಗಡಿಯಾರ ತೋರಿಸಿ, "ಸರದಿಗೆ ಕಾಯ್ತಿರೋರು ಹದಿನಾಲ್ಕು ಜನ ಇದಾರೆ. ಹೀಗೇ ಆಗ್ತಾ ಹೋದ್ರೆ ನಿಮ್ಮ ಮೆಷಿನ್ ಅವರಿಗೆ ಹೋಗುತ್ತೆ, ನನ್ನ ಕೈಲಿಲ್ಲ" ಎಂದಿದ್ದಳು.

"ಇದು ನೀವು ಹಾಕ್ತಿರೋ ಅದೇ ಪಾಯಿಂಟು" ಎಂದು ಅಂಗಡಿಯವನು ಮೊದಲನೆಯ ಡಬ್ಬಿಯನ್ನು ಬೆರಳಲ್ಲಿ ತಳ್ಳಿದ. "ಇದರ ಬಂಡವಾಳ ನಿಮಗೇ ಗೊತ್ತು. ಇದು ನೋಡಿ, ಪೂರ್ತಿ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್. ಆದ್ರೆ ಇದು ಬೇರೆ ಎಂಜಿನ್ನಿಂದು. ನಿಮ್ಮದಕ್ಕೆ ತರಿಸಬೇಕು, ಹನ್ನೆರಡು ದಿನ."

"ಹನ್ನೆರಡು ದಿನ ಅಂದ್ರೆ ಐದು ಸಲ" ಎಂದಳು ಅವಳು. ದಿನಗಳನ್ನು ಈಗ ಡಯಾಲಿಸಿಸ್ಸಿನಲ್ಲೇ ಎಣಿಸುವುದು ಅಭ್ಯಾಸವಾಗಿತ್ತು.

"ಹಾಗಾದ್ರೆ ಇದೇ ಸರಿ. ಕಿಟ್ಟು. ನಿಮ್ಮ ಹಳೇ ಡಿಸ್ಟ್ರಿಬ್ಯೂಟರ್ ಒಳಗೇ, ಪಾಯಿಂಟ್ ಬಿಚ್ಚಿ ಅದರ ಜಾಗದಲ್ಲಿ ಕೂರಿಸೋದು. ಒಂದಕ್ಕೊಂದು ತಾಗೋದೇ ಇಲ್ಲ, ಮತ್ತೆ ಸವೆಯೋದೆಲ್ಲಿ? ಜೊತೆಗೆ ಕಾಯಿಲ್ ಬದಲಾಯಿಸಬೇಕು. ಇದು ತಗೊಳ್ಳಿ, ರೇಸಿನವರು ಹಾಕೋದು." ಕಾಯಿಲೆಂದರೆ ಕಿಡಿಗೆ ಬೇಕಾದ ಜೋರು ಕರೆಂಟು ಹುಟ್ಟಿಸುವ ಭಾಗ. ಅವನು ಮಿಂಚಿನ ಚಿತ್ರ ಅಂಟಿಸಿದ ಕೆಂಪು ಕಾಯಿಲೊಂದನ್ನು ಎತ್ತಿ ಹಿಡಿದ.

"ನಾನು ಹೋಗೋದು ಆಸ್ಪತ್ರೆಗೆ. ರೇಸಿಗಲ್ಲ."

"ಎರಡೂ ಒಂದೇ ಅಕ್ಕಾ. ಹೊತ್ತಿಗೆ ಮುಟ್ಟಬೇಕಷ್ಟೆ."

ಅವಳು ನಗಲಿಲ್ಲ. ಜೇಬಿನಿಂದ ಮೀಟರ್ ತೆಗೆದು ಕೆಂಪು ಕಾಯಿಲನ್ನೂ ಅದರ ಪಕ್ಕದ ಕಪ್ಪು ಕಾಯಿಲನ್ನೂ ಕರೆಂಟಿಗೆ ಎಷ್ಟು ತಡೆ ಕೊಡುತ್ತವೆ ಎಂದು ಅಳೆದಳು. ಕಿಟ್ಟಿನ ಕಾಗದದಲ್ಲಿ ಕೇಳಿದ್ದ ಅಳತೆ ಕಪ್ಪಿನದಕ್ಕೆ ಸರಿಹೊಂದಿತು. ಹಳೆಯ ಕಾಯಿಲಿನ ಅಳತೆಗಿಂತ ಅದು ಎರಡರಷ್ಟಿತ್ತು. ಹೊಸದಲ್ಲವೇ, ಗಟ್ಟಿ ಇರಬೇಕು ಎಂದುಕೊಂಡು ಕಪ್ಪಿನದನ್ನೇ ಆರಿಸಿದಳು. ಡಬ್ಬಿಗಳನ್ನು ಚೀಲಕ್ಕೆ ಹಾಕುತ್ತ ಅಂಗಡಿಯವನು, "ಕಿಟ್ಟಿನ ಕೆಂಪು ವೈರಿಗೆ ಮಾತ್ರ ಬ್ಯಾಟರಿಯ ಪೂರ್ತಿ ಕರೆಂಟ್ ಬರಬೇಕು, ಕಾಗದದಲ್ಲೂ ಬರೆದಿದಾರೆ" ಎಂದ.

"ನನಗೆ ವೈರಿಂಗ್ ಹೇಳಿಕೊಡ್ತೀಯಾ?" ಎಂದಳು ಅವಳು. ಅವನು ಎರಡೂ ಕಿವಿ ಹಿಡಿದುಕೊಂಡು ನಕ್ಕ.

ಅವನು ನಕ್ಕದ್ದರಲ್ಲಿ ತಪ್ಪೇನಿಲ್ಲ. ಆ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದೇ ಸ್ಪ್ಯಾನರಕ್ಕ ಎಂದು. ಅಪ್ಪನ ರಿಪೇರಿ ಶೆಡ್ಡಿನಲ್ಲಿ ಅವಳು ನಡೆಯುವುದನ್ನು ಕಲಿತದ್ದೇ ಟೈರು ಹಿಡಿದುಕೊಂಡು. ಹತ್ತು ವರ್ಷಕ್ಕೆ ಪ್ಲಗ್ಗು ಬಿಚ್ಚಿದಳು, ಹದಿಮೂರಕ್ಕೆ ಕಾರ್ಬುರೇಟರ್ ತೊಳೆದಳು. ಹದಿನೈದನೆಯ ವಯಸ್ಸಿನಲ್ಲಿ, ಅಪ್ಪ ಹೊರಗೆ ಹೋಗಿದ್ದಾಗ, ಇದೇ ಪಿಕಪ್ಪಿನ ಕಾಯಿಲಿಗೆ ಬ್ಯಾಟರಿಯಿಂದ ನೇರವಾಗಿ ವೈರು ಎಳೆದಿದ್ದಳು. ಅರ್ಧ ಗಂಟೆಯಲ್ಲಿ ಕಾಯಿಲು ಕಾದು, ಬಿರಿದು, ಎಣ್ಣೆ ಸೋರಿ ಶೆಡ್ಡಿನ ತುಂಬ ನಾತ ಹಿಡಿಯಿತು. ಅಪ್ಪ ಬಂದವನು ಬೈಯಲಿಲ್ಲ. ಎಂಜಿನ್ನಿನ ಪಕ್ಕದ ತಗಡಿಗೆ ತಿರುಪು ಹಾಕಿ ಕೂರಿಸಿದ್ದ, ಹೆಬ್ಬೆರಳಿನ ಗಾತ್ರದ ಬಿಳಿ ಪಿಂಗಾಣಿಯ ತುಂಡೊಂದನ್ನು ತೋರಿಸಿದ. "ಕರೆಂಟು ಇದರೊಳಗೆ ಹಾದು ಅರ್ಧ ಆಗಿ ಕಾಯಿಲಿಗೆ ಹೋಗಬೇಕು. ಇದನ್ನ ದಾಟಿಸಿ ನೇರ ಕೊಡೋದಕ್ಕೆ ಈ ಶೆಡ್ಡಿನಲ್ಲಿ ಯಾರೂ ಕೈ ಹಾಕಬಾರದು" ಎಂದಷ್ಟೇ ಹೇಳಿ ಎರಡು ದಿನ ಅವಳೊಡನೆ ಮಾತು ಬಿಟ್ಟ. ಆ ಎರಡು ದಿನ ಅವಳಿಗೆ ಅನ್ನ ಇಳಿದಿರಲಿಲ್ಲ.

ಅಪ್ಪ ನಿಯಮ ಹೇಳಿದ್ದ, ಅದು ಯಾವ ಕಾಯಿಲಿಗೆ ಎಂದು ಹೇಳಿರಲಿಲ್ಲ. ಹೇಳುವ ಅಗತ್ಯವೂ ಆಗ ಇರಲಿಲ್ಲ. ಇದ್ದದ್ದು ಒಂದೇ ಬಗೆಯ ಕಾಯಿಲು.

ಮದುವೆಯಾದದ್ದು ಬಡಗಿಯನ್ನು. ಕಿಟಕಿ ಬಾಗಿಲುಗಳ ಚೌಕಟ್ಟು ಮಾಡುವವನು. ಅವನು ಮಾಡಿದ್ದನ್ನು ಅವಳು ಪಿಕಪ್ಪಿನಲ್ಲಿ ಹಾಕಿಕೊಂಡು ಹೋಗಿ ಕಟ್ಟಡಗಳಿಗೆ ಇಳಿಸಿ ಬರುತ್ತಿದ್ದಳು. ಇಪ್ಪತ್ತೆಂಟು ವರ್ಷ ಹೀಗೇ ನಡೆಯಿತು. ಮಕ್ಕಳಾಗಲಿಲ್ಲ. ಅವನ ವಿಧವೆ ತಂಗಿ ಅವರ ಜೊತೆಗೇ ಇದ್ದಳು. ಗಂಡನ ಕಾಲು ಊದಿಕೊಂಡಾಗ ಅವನು ನಿಂತು ಕೆಲಸ ಮಾಡಿದ್ದಕ್ಕೆ ಹೀಗೆ ಎಂದು ಮೂವರೂ ಅಂದುಕೊಂಡರು. ಮುಖ ಊದಿಕೊಂಡಾಗ ಆಸ್ಪತ್ರೆಗೆ ಹೋದರು. ಅಷ್ಟರಲ್ಲಿ ಹೊತ್ತು ಮೀರಿತ್ತು.

ಬುಧವಾರ ಮಧ್ಯಾಹ್ನ ಅವಳು ಮನೆಯ ಮುಂದೆ ಬಾನೆಟ್ ಎತ್ತಿ ಕೆಲಸಕ್ಕೆ ನಿಂತಳು. ಪಾಯಿಂಟ್, ಅದರ ಜೊತೆಗಿದ್ದ ಕಂಡೆನ್ಸರ್ ಎರಡನ್ನೂ ಬಿಚ್ಚಿದಳು, ಕಿಟ್ಟಿನ ಪುಟ್ಟ ಕಪ್ಪು ಪೆಟ್ಟಿಗೆಯನ್ನು ಕೂರಿಸಿದಳು, ಹೊಸ ಕಾಯಿಲನ್ನು ಪಟ್ಟಿ ಹಾಕಿ ಬಿಗಿದಳು. ಉಳಿದದ್ದು ಕೆಂಪು ವೈರು. ಅದನ್ನು ಹಿಡಿದು ಒಂದು ಗಳಿಗೆ ನಿಂತಳು. ಕಾಗದ ಹೇಳಿದ್ದು ಪೂರ್ತಿ ಕರೆಂಟು. ಪೂರ್ತಿ ಎಂದರೆ ಬಿಳಿ ತುಂಡನ್ನು ದಾಟಿಸಿ ನೇರ ಕೊಡಬೇಕು. ಕಾಗದ ಬರೆದವರಿಗೆ ಈ ಗಾಡಿಯ ವಿಷಯ ಏನು ಗೊತ್ತು? ಹೊಸ ಕಾಯಿಲು ನಾಳೆ ಏರಿನ ನಡುವೆ ಬೆಂದುಹೋದರೆ? ಅವಳು ಕೆಂಪು ವೈರನ್ನು ಕಾಯಿಲಿನ ಪ್ಲಸ್ಸಿಗೇ, ಬಿಳಿ ತುಂಡಿನೊಳಗೆ ಹಾದು ಅರ್ಧವಾದ ಕರೆಂಟು ಬರುವಲ್ಲಿಗೇ, ಸೇರಿಸಿ ಬಿಗಿಮಾಡಿದಳು.

ಕೀ ತಿರುಗಿಸಿದರೆ ಎಂಜಿನ್ನು ಮೊದಲ ಸಲಕ್ಕೇ ಹತ್ತಿಕೊಂಡಿತು. ಜಗುಲಿಯಲ್ಲಿ ಕುಳಿತಿದ್ದ ಗಂಡ ತಲೆಯೆತ್ತಿದ.

"ಆಯ್ತಾ?"

"ಸರಿಹೋಯ್ತು. ಇನ್ನು ಇದರ ಕಡೆ ನೋಡೋದೇ ಬೇಡ" ಎಂದಳು.

ಗುರುವಾರ ಬೆಳಿಗ್ಗೆ ಐದೂವರೆಗೆ ಹೊರಟರು. ಎಂಜಿನ್ನು ಕಾದು, ದೀಪ ಹೊತ್ತಿಸಿಕೊಂಡು, ಏರಿನಲ್ಲಿ ಎರಡನೆಯ ಗೇರಿಗೆ ಇಳಿದಾಗ, ನಾಲ್ಕನೆಯ ತಿರುವಿನಲ್ಲಿ ಕೊರಳು ಹಿಸುಕಿದ ಹಾಗೆ ಗಾಡಿ ನಿಂತಿತು. ಎಷ್ಟು ಸಲ ಕೀ ತಿರುಗಿಸಿದರೂ ಹಳೆಯ ಬ್ಯಾಟರಿ ನರಳಿತೇ ಹೊರತು ಎಂಜಿನ್ನು ಹತ್ತಲಿಲ್ಲ. ಒಂದು ಗಂಟೆ ಒದ್ದಾಡಿ, ಹಿಂದಕ್ಕೆ ಉರುಳಿಸಿಕೊಂಡು ಕೆಳಗಿಳಿಸಿದಳು. ಆಸ್ಪತ್ರೆಗೆ ಫೋನ್ ಮಾಡಿದರೆ, ಇವತ್ತಿನದು ಹೋಯಿತು, ಶನಿವಾರ ಬನ್ನಿ, ಅಲ್ಲಿಯವರೆಗೆ ನೀರು ದಿನಕ್ಕೆ ಎರಡು ಲೋಟ ಮೀರಬಾರದು ಎಂದರು.

ಮನೆಯಲ್ಲಿ ನಾದಿನಿ ಬಾಗಿಲಲ್ಲೇ ನಿಂತಿದ್ದಳು. ಅಣ್ಣನ ಮುಖ ನೋಡಿದಳು, ಅತ್ತಿಗೆಯ ಮಸಿ ಕೈ ನೋಡಿದಳು.

"ಅತ್ತಿಗೆ, ಹಳೇ ಪಾಯಿಂಟು ಹತ್ತು ದಿನನಾದ್ರೂ ಬರ್ತಿತ್ತು. ನಿಮ್ಮ ಹೊಸದು ಒಂದು ದಿನಾನೂ ಬರಲಿಲ್ಲ."

"ಬಾಯಿ ಮುಚ್ಚೇ" ಎಂದ ಅಣ್ಣ, ಉಸಿರು ಎಳೆದುಕೊಳ್ಳುತ್ತ.

"ನಾನು ಮುಚ್ಚಿದ್ರೆ ಗಾಡಿ ಹತ್ತುತ್ತಾ? ಹತ್ತೋದಾದ್ರೆ ಹೇಳು, ಶನಿವಾರದವರೆಗೆ ಮುಚ್ಕೊಂಡಿರ್ತೀನಿ."

ಶುಕ್ರವಾರ ಬೆಳಿಗ್ಗೆ ತೂಕ ನೋಡಿದರೆ ಇರಬೇಕಾದ್ದಕ್ಕಿಂತ ನಾಲ್ಕು ಕೇಜಿ ಹೆಚ್ಚಿತ್ತು. ಅದೆಲ್ಲ ಹೊರಗೆ ಹೋಗದ ನೀರು. ಕಾಲಿನ ಮೇಲೆ ಬೆರಳೊತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಮಲಗಿದರೆ ಉಸಿರು ಕಟ್ಟುತ್ತಿತ್ತು, ಹಾಗಾಗಿ ಕುರ್ಚಿಯಲ್ಲೇ ಕುಳಿತಿದ್ದ. ಅವಳು ಬ್ಯಾಟರಿ ಬಿಚ್ಚಿ ಚಾರ್ಜಿಗೆ ಕೊಟ್ಟು ನೇರ ಅಂಗಡಿಗೆ ಹೋದಳು.

"ನಿಂತೇಹೋಯ್ತಾ?" ಅಂಗಡಿಯವನ ಮುಖ ಇಳಿಯಿತು. "ಕೆಂಪು ವೈರು ಎಲ್ಲಿಗೆ ಕೊಟ್ಟಿದೀರಿ ಅಕ್ಕಾ?"

"ಕಾಯಿಲಿನ ಪ್ಲಸ್ಸಿಗೆ."

"ಹಾಗಾದ್ರೆ ಸರಿಯಾಗೇ ಇದೆ." ಅವನು ಕಂಡ ಗಾಡಿಗಳಲ್ಲೆಲ್ಲ ಕಾಯಿಲಿನ ಪ್ಲಸ್ಸಿಗೆ ಪೂರ್ತಿ ಕರೆಂಟೇ ಬರುತ್ತಿತ್ತು. ಬಿಳಿ ತುಂಡಿನ ಗಾಡಿಗಳು ಅವನ ಅಂಗಡಿ ಶುರುವಾಗುವ ಮೊದಲೇ ಗುಜರಿಗೆ ಹೋಗಿದ್ದವು. ಅವನಿಗೆ ಕೇಳಲು ತೋಚಲಿಲ್ಲ, ಅವಳಿಗೆ ಹೇಳಲು ತೋಚಲಿಲ್ಲ. "ಪ್ಲಗ್ ವೈರು ಹಳೇದಿರಬೇಕು. ಕಿಡಿ ಜೋರಾದಾಗ ಹಳೇ ವೈರು ದಾರೀಲೇ ಸೋರುತ್ತೆ."

ಅದೂ ಸುಳ್ಳಲ್ಲ. ಅವಳು ಹೊಸ ಪ್ಲಗ್ ವೈರು, ನಾಲ್ಕು ಪ್ಲಗ್ಗು, ಡಿಸ್ಟ್ರಿಬ್ಯೂಟರಿನ ಮುಚ್ಚಳ, ರೋಟರ್ ಎಲ್ಲ ತಂದಳು. ಒಂದೊಂದನ್ನೂ ಅಳೆದು, ಒರೆಸಿ, ಹಾಕಿದಳು. ಸಂಜೆ ಬ್ಯಾಟರಿ ತಂದು ಕೂರಿಸಿ ಬೀದಿಯಲ್ಲಿ ಎರಡು ಸುತ್ತು ಓಡಿಸಿದಳು. ಎಂಜಿನ್ನು ಹೊಲಿಗೆ ಯಂತ್ರದ ಹಾಗೆ ಓಡಿತು. ನಾದಿನಿ ಬಂದು ಕಿಟಕಿಯಲ್ಲಿ ಬಗ್ಗಿ, "ಸಪಾಟು ಬೀದೀಲಿ ನಾನೂ ಓಡ್ತೀನಿ ಅತ್ತಿಗೆ" ಎಂದಳು. ಆಮೇಲೆ ತಾನೇ ಹೋಗಿ ಹಿಂದಿನ ಭಾಗದಲ್ಲಿ ಹಾಸಿಗೆ, ಎರಡು ಕಂಬಳಿ, ದಿಂಬು ಎಲ್ಲ ಜೋಡಿಸಿಟ್ಟಳು.

ಶನಿವಾರ ಅವನನ್ನು ಇಬ್ಬರೂ ಎರಡು ಕಡೆ ಹಿಡಿದು ತಂದು ಮುಂದಿನ ಸೀಟಿನಲ್ಲಿ ಕೂರಿಸಿದರು. ಮಲಗಲಾರೆ ಎಂದ. ಮಾತಾಡಿದರೆ ಮಾತಿನ ನಡುವೆ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಗುತ್ತಿತ್ತು. ನಾಲ್ಕನೆಯ ತಿರುವು ದಾಟಿತು. ಐದು ದಾಟಿತು. ಅವಳು ಉಸಿರು ಬಿಗಿಹಿಡಿದು ಎಣಿಸುತ್ತಿದ್ದಳು. ಒಟ್ಟು ಹನ್ನೊಂದು ತಿರುವು. ಏಳನೆಯದರಲ್ಲಿ ಅದೇ ಹಳೆಯ ಕತೆ. ಎಂಜಿನ್ನು ಒಮ್ಮೆ ಜಗ್ಗಿತು, ಎರಡನೆಯ ಸಲ ಜಗ್ಗಿತು, ನಿಂತಿತು.

ಅವಳು ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಳು. ಬಾನೆಟ್ ಎತ್ತಿದಳು. ಎಲ್ಲವೂ ಹೊಸದು, ಎಲ್ಲವೂ ಸರಿಯಾದ ಜಾಗದಲ್ಲಿ. ಬಿಚ್ಚಿ ನೋಡಲು ಇನ್ನು ಏನೂ ಉಳಿದಿರಲಿಲ್ಲ. ಬಂದು ಕೀ ತಿರುಗಿಸಿದಳು. ಬ್ಯಾಟರಿ ಈಗ ಗಟ್ಟಿಯಿತ್ತು. ಎಂಜಿನ್ನು ಗುರ್ರೆಂದು ಹತ್ತಿಕೊಂಡಿತು. ಕೀ ಬಿಟ್ಟಳು, ನಿಂತಿತು. ತಿರುಗಿಸಿದಳು, ಹತ್ತಿತು. ಬಿಟ್ಟಳು, ನಿಂತಿತು. ಐದು ಸಲ ಹಾಗೇ ಆಯಿತು. ಆರನೆಯ ಸಲ ಅವಳು ಸ್ಟೀರಿಂಗಿನ ಮೇಲೆ ಹಣೆ ಇಟ್ಟಳು. ಆರೂವರೆಯಾಗಿತ್ತು. ಮೇಲಿನಿಂದಾಗಲಿ ಕೆಳಗಿನಿಂದಾಗಲಿ ಒಂದು ಗಾಡಿಯ ಸದ್ದಿಲ್ಲ. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಪಕ್ಕದಲ್ಲಿ ಅವನ ಎದೆಯೊಳಗೆ ನೀರು ಗುಳುಗುಳು ಎನ್ನುವುದು ಕೇಳುತ್ತಿತ್ತು. ಇಲ್ಲೇ, ಈ ಸೀಟಿನಲ್ಲೇ, ಇವನು ಹೋಗಿಬಿಡುತ್ತಾನೆ, ತಾನು ಸ್ಪ್ಯಾನರ್ ಹಿಡಿದುಕೊಂಡು ನೋಡುತ್ತ ಇರುತ್ತೇನೆ ಎಂದು ಅವಳಿಗೆ ಸ್ಪಷ್ಟವಾಗಿ ಅನ್ನಿಸಿತು.

"ಏನೇ" ಎಂದ ಅವನು.

"ಮಾತಾಡಬೇಡಿ."

"ಕೀ... ಹಿಡಿದಾಗ ಹತ್ತುತ್ತೆ. ಬಿಟ್ಟಾಗ ಸಾಯುತ್ತೆ." ಉಸಿರು ಎಳೆದುಕೊಂಡ. "ಹಿಡಿದಾಗ ಇರೋದು... ಬಿಟ್ಟಾಗ ಎಲ್ಲಿ ಹೋಗುತ್ತೆ?"

ಎಂಜಿನ್ನಿನ ವಿಷಯದಲ್ಲಿ ಅವನು ಬಾಯಿ ಹಾಕಿದ್ದು ಇಪ್ಪತ್ತೆಂಟು ವರ್ಷದಲ್ಲಿ ಅದೇ ಮೊದಲು. ಅವಳಿಗೆ ರೇಗಿತು. ಉತ್ತರವನ್ನು ಪಾಠ ಒಪ್ಪಿಸುವವಳ ಹಾಗೆ ಹೇಳತೊಡಗಿದಳು. "ಕೀ ತಿರುಗಿಸಿ ಹಿಡಿದಾಗ ಬ್ಯಾಟರಿ ಕರೆಂಟು ಬೇರೆ ದಾರೀಲಿ ನೇರ ಕಾಯಿಲಿಗೆ ಬರುತ್ತೆ ರೀ, ಬೇಗ ಸ್ಟಾರ್ಟ್ ಆಗಲಿ ಅಂತ. ಬಿಟ್ಟ ಮೇಲೆ ಬಿಳಿ ತುಂಡಿನೊಳಗೆ ಹಾದು ಅರ್ಧ—"

ಅಷ್ಟಕ್ಕೇ ಮಾತು ನಿಂತಿತು. ಅರ್ಧ. ಅರ್ಧದಲ್ಲಿ ಈ ಕಪ್ಪು ಪೆಟ್ಟಿಗೆ ಬದುಕುವುದಿಲ್ಲ. ಬಿಳಿ ತುಂಡು ತಣ್ಣಗಿರುವಾಗ ಬೀದಿಯಲ್ಲಿ ಹೇಗೋ ಓಡಿದ್ದು, ಅದು ಕಾದು ದೀಪವೂ ಹೊತ್ತಿದಾಗ ಏರಿನಲ್ಲಿ ಸಾಯುತ್ತಿತ್ತು. ಅಂಗಡಿಯವನು ಹೇಳಿದ್ದ, ಕಾಗದ ಹೇಳಿತ್ತು, ಈಗ ಗಾಡಿಯೇ ಐದು ಸಲ ಹೇಳಿತು. ಎರಡರಷ್ಟು ಅಳತೆಯ ಕಾಯಿಲು ಎಂದರೆ ಪೂರ್ತಿ ಕರೆಂಟನ್ನು ತಾಳಿಕೊಳ್ಳುವಂಥದ್ದು ಎಂದು ಹೊಳೆಯಲು ಅವಳಿಗೆ ಮೂರು ದಿನ ಬೇಕಾಯಿತು. ಗುರುವಾರದ ಡಯಾಲಿಸಿಸ್ ತಪ್ಪಿಸಿದ್ದು ಪಾಯಿಂಟಲ್ಲ, ಬ್ಯಾಟರಿಯಲ್ಲ.

ಅವಳು ಸೀಟಿನ ಅಡಿಯಿಂದ ಒಂದು ಮೊಳ ದಪ್ಪ ವೈರು ಎಳೆದಳು. ಎರಡೂ ತುದಿಯ ಸಿಪ್ಪೆಯನ್ನು ಹಲ್ಲಿನಲ್ಲೇ ಸುಲಿದಳು. ಬ್ಯಾಟರಿಯ ಪ್ಲಸ್ಸಿನಿಂದ ನೇರ ಕಾಯಿಲಿನ ಪ್ಲಸ್ಸಿಗೆ ಕೊಡಬೇಕು. ಒಂದು ತುದಿ ಸೇರಿಸಿ ಇನ್ನೊಂದನ್ನು ಹಿಡಿದಾಗ ಕೈ ಮುಂದಕ್ಕೆ ಹೋಗಲಿಲ್ಲ. ಐವತ್ತೆರಡು ವರ್ಷದ ಹೆಂಗಸು. ಆದರೂ ಶೆಡ್ಡಿನ ನಾತ ಮೂಗಿಗೆ ಬಡಿಯಿತು. "ತಪ್ಪಾದ್ರೆ ತಪ್ಪು" ಎಂದು ಯಾರಿಗೋ ಹೇಳಿ ಸಿಕ್ಕಿಸಿ ಇಕ್ಕಳದಿಂದ ಬಿಗಿದಳು.

ಕೀ ತಿರುಗಿಸಿದಳು, ಬಿಟ್ಟಳು. ಎಂಜಿನ್ನು ಓಡುತ್ತಲೇ ಇತ್ತು.

ಎಂಟು, ಒಂಬತ್ತು, ಹತ್ತು, ಹನ್ನೊಂದು. ಆ ಏರನ್ನು ಪಿಕಪ್ಪು ಅಷ್ಟು ಸಲೀಸಾಗಿ ಹತ್ತಿದ್ದನ್ನು ಅವಳು ಅಪ್ಪನ ಕಾಲದಲ್ಲೂ ಕಂಡಿರಲಿಲ್ಲ. ಗುರುವಾರವೂ ಹೀಗೇ ಹತ್ತಬಹುದಾಗಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ ಕೋಲು ತಟ್ಟಿ, "ಎಂಜಿನ್ ಆಫ್ ಮಾಡ್ರಿ" ಎಂದ.

"ಕೀಲಿಯಿಂದ ಆಫ್ ಆಗಲ್ಲಪ್ಪಾ, ವೈರು ಕೀಳಬೇಕು. ಮೊದಲು ಇವರನ್ನ ಹಿಡ್ಕೋ."

ಅವನು ಗಾಡಿಯನ್ನೂ ಅವಳನ್ನೂ ನೋಡಿ, ಮಾತು ಬೆಳೆಸದೆ ಗಾಲಿಕುರ್ಚಿ ತಂದ. ಗಂಡನನ್ನು ಒಳಗೆ ದಾಟಿಸಿ ಬಂದು ಅವಳು ವೈರು ಕಿತ್ತಳು.

ವಾರ್ಡಿನಲ್ಲಿ ಎಂಟು ಗಂಟೆ ಹತ್ತು ನಿಮಿಷ. ಸಿಸ್ಟರ್ ಬೈಯಲೆಂದು ಬಾಯಿ ತೆರೆದವಳು ಅವನ ತುಟಿಯ ಬಣ್ಣ ನೋಡಿ ಮೊದಲು ಆಕ್ಸಿಜನ್ ಹಾಕಿದಳು. ತೂಕ ಐದೂವರೆ ಕೇಜಿ ಹೆಚ್ಚು. ಹನ್ನೊಂದಕ್ಕೆ ಆ ಯಂತ್ರಕ್ಕೆ ಇನ್ನೊಬ್ಬ ರೋಗಿ ಬರುವವನಿದ್ದ.

"ಎರಡೂವರೆ ಗಂಟೆ ಮಾತ್ರ ಕೊಡಬಹುದು" ಎಂದರು ಡಾಕ್ಟರು. "ಇಷ್ಟು ನೀರನ್ನ ಅಷ್ಟರೊಳಗೆ ಎಳೆಯೋಕಾಗಲ್ಲ, ಎಳೆದ್ರೆ ಹೃದಯ ತಡೆಯಲ್ಲ. ಅರ್ಧ ತೆಗೀತೀವಿ. ನಾಳೆ ವಾರ್ಡು ಮುಚ್ಚಿರುತ್ತೆ. ಸೋಮವಾರ ಆರೂವರೆಗೆ ಒಂದು ಮೆಷಿನ್ ಖಾಲಿ ಇದೆ. ಆರೂವರೆ ಅಂದ್ರೆ ಆರೂವರೆ. ಆ ದಿನಾನೂ ತಪ್ಪಿಸಿದ್ರೆ ನಾನೇನೂ ಹೇಳಲ್ಲಮ್ಮ, ನಿಮಗೇ ಗೊತ್ತಾಗುತ್ತೆ."

ಯಂತ್ರ ತಿರುಗತೊಡಗಿತು. ಒಂದು ಗಂಟೆ ಕಳೆದ ಮೇಲೆ ಅವನ ಉಸಿರು ಸ್ವಲ್ಪ ಹಗುರಾಯಿತು. ಕಣ್ಣು ಬಿಟ್ಟು ಅವಳನ್ನು ನೋಡಿದ.

"ಗುರುವಾರ ಆಗಿದ್ದು ನನ್ನಿಂದ ರೀ" ಎಂದಳು ಅವಳು. ಕೆಂಪು ವೈರಿನ ವಿಷಯ ಪೂರ್ತಿ ಹೇಳಿದಳು. ಅಂಗಡಿಯವನ ಬಾಯಿ ಮುಚ್ಚಿಸಿದ್ದನ್ನೂ ಬಿಡಲಿಲ್ಲ.

ಅವನು ಮೇಲಿನ ಫ್ಯಾನು ನೋಡಿದ. "ಅಳತೆ ತಪ್ಪಿ ನಾನೆಷ್ಟು ಮರ ಹಾಳು ಮಾಡಿದೀನಿ. ಲೆಕ್ಕ ಇಟ್ಟಿದೀಯಾ?"

"ಅದು ಮರ ರೀ."

ಅವನು ಸೂಜಿ ಚುಚ್ಚಿರದ ಕೈಯನ್ನು ಮಂಚದ ಅಂಚಿಗೆ ಸರಿಸಿದ. ಅವಳು ಹಿಡಿದುಕೊಂಡಳು. ಬೆರಳುಗಳು ಊದಿ ಬಿಗಿಯಾಗಿದ್ದವು.

ಯಂತ್ರ ಬಿಡಿಸಿದ ಮೇಲೂ ಆಕ್ಸಿಜನ್ನಿನಲ್ಲಿಟ್ಟು ನೋಡಿ, ಮಧ್ಯಾಹ್ನ ಎರಡೂವರೆಗೆ ಬಿಟ್ಟರು. ತೂಕ ಇನ್ನೂ ಮೂರು ಕೇಜಿ ಹೆಚ್ಚೇ ಇತ್ತು. ಅಷ್ಟರಲ್ಲಿ ಅವಳು ಕೆಳಗಿಳಿದು ಬಿಳಿ ತುಂಡಿನ ಎರಡೂ ಕಡೆಯ ವೈರು ಕತ್ತರಿಸಿ, ಒಂದಕ್ಕೊಂದು ಸೇರಿಸಿ, ಟೇಪು ಸುತ್ತಿ ಬಂದಿದ್ದಳು. ಈಗ ಗಾಡಿ ಕೀಲಿಯಿಂದಲೇ ಹತ್ತುತ್ತಿತ್ತು, ಕೀಲಿಯಿಂದಲೇ ನಿಲ್ಲುತ್ತಿತ್ತು. ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ, ಗೋಡೆಯ ನೆರಳು ಬೀಳುವಲ್ಲಿ ಅದನ್ನು ತಂದು ನಿಲ್ಲಿಸಿ, ಹಿಂದಿನ ಹಾಸಿಗೆಗೆ ದಿಂಬು ಎತ್ತರಿಸಿ ಅವನನ್ನು ಒರಗಿಸಿದಳು. ಆಮೇಲೆ ನಾದಿನಿಗೆ ಫೋನ್ ಮಾಡಿ, ಸೋಮವಾರದವರೆಗೆ ಮನೆಗೆ ಬರುವುದಿಲ್ಲ, ಇಲ್ಲೇ ಇರುತ್ತೇವೆ ಎಂದಳು.

"ಗಾಡಿ ಮತ್ತೆ ಕೆಟ್ಟಿತಾ?"

"ಇಲ್ಲ."

"ಅಣ್ಣನ ಹತ್ರ ಕೊಡಿ ಅತ್ತಿಗೆ" ಎಂದಳು ನಾದಿನಿ. ಅವಳ ದನಿ ಒಡೆದಿತ್ತು.

ಮಾತು ಮುಗಿಸಿದ ಮೇಲೆ ಅವನು ಫೋನನ್ನು ಅವಳ ಕೈಗಿಟ್ಟು, "ಗಾಡಿ ಸರಿಹೋಯ್ತಲ್ಲ. ಮನೇಲಿ ಮಲಗಬಹುದಿತ್ತು" ಎಂದ.

"ಸರಿಹೋಯ್ತು ಅಂತ ಬುಧವಾರನೂ ಅಂದಿದ್ದೆ."

ಅವನು ಒಣಗಿದ ತುಟಿ ಸವರಿಕೊಂಡು ನೀರು ಕೇಳಿದ. ಡಾಕ್ಟರು ಹೇಳಿದ್ದು ಸೋಮವಾರದವರೆಗೆ ಮೂರು ಲೋಟ. ಅವಳು ಬಾಟಲಿಯ ಮುಚ್ಚಳದಲ್ಲಿ ಅಳೆದು ನಾಲ್ಕು ಮುಚ್ಚಳ ಕೊಟ್ಟು, ಬಾಟಲಿಯನ್ನು ತನ್ನ ಬೆನ್ನ ಹಿಂದೆ ಇಟ್ಟುಕೊಂಡಳು. ಸೋಮವಾರ ಆರೂವರೆಗೆ ಇನ್ನೂ ನಲವತ್ತು ಗಂಟೆ ಇತ್ತು.